ಚಿಕ್ಕ ಪುಸ್ತಕಕ್ಕೆ ಸೇರಿದವನು

ಮತದಾರರ ಪಟ್ಟಿಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಕೆಂಪುಗೀಟಪ್ಪ ಎನ್ನುತ್ತಿದ್ದರು. ಸತ್ತವರ ಹೆಸರಿನ ಮೇಲೆ ಕೆಂಪು ಗೀಟು ಎಳೆಯುವುದೇ ಅವನ ಕೆಲಸ. ಮರಣಪತ್ರ ಮೇಜಿಗೆ ಬಂದ ದಿನವೇ ಗೀಟು ಬೀಳಬೇಕು. ಇಪ್ಪತ್ತೆಂಟು ವರ್ಷದಲ್ಲಿ ಒಂದನ್ನೂ ಮರುದಿನಕ್ಕೆ ಉಳಿಸಿದವನಲ್ಲ. ಅಂಥವನ ಅಂಗಿಯ ಜೇಬಿನಲ್ಲಿ ಒಂದು ಮರಣಪತ್ರ ಒಂಬತ್ತು ದಿನದಿಂದ ಕೂತಿತ್ತು. ಅದು ಅವನ ಹೆಂಡತಿಯದು.

ಅಲ್ಲಿ ಒಂದೊಂದು ಜನಾಂಗಕ್ಕೂ ಒಂದೊಂದು ಪಟ್ಟಿ. ಅವನ ಜನರದ್ದು ಕಪಾಟಿನ ತುಂಬ ಪುಸ್ತಕಗಳು. ಹೆಂಡತಿಯ ಜನರದ್ದು ಒಂದೇ ತೆಳು ಪುಸ್ತಕ, ಸಂಸತ್ತಿನಲ್ಲಿ ಒಂದೇ ಕುರ್ಚಿ. ಪಟ್ಟಿಯಲ್ಲಿ ಎರಡು ಸಾವಿರ ಹೆಸರಾದರೂ ಇಲ್ಲದ ಜನಾಂಗಕ್ಕೆ ಇನ್ನು ಕುರ್ಚಿಯಿಲ್ಲ ಎಂದು ಹೊಸ ಕಾನೂನು ಬಂತು. ಎಣಿಕೆ ಶುಕ್ರವಾರ ಸಂಜೆ. ಪುಸ್ತಕದಲ್ಲಿದ್ದದ್ದು ಸರಿಯಾಗಿ ಎರಡು ಸಾವಿರ, ಅವಳೂ ಸೇರಿ.

ಶುಕ್ರವಾರ ಮಧ್ಯಾಹ್ನ ಅವಳ ತಮ್ಮ ಬಂದ. ದರ್ಜಿ, ಅಳತೆಯ ಟೇಪು ಕೊರಳಲ್ಲೇ ಇತ್ತು.

"ಭಾವ, ಗೀಟು ಸೋಮವಾರ ಎಳೀರಿ. ಅಷ್ಟೇ ನಾನು ಕೇಳೋದು."

"ಸತ್ತವರನ್ನ ತೋರಿಸಿ ಉಳಿಸ್ಕೊಂಡ ಕುರ್ಚಿ ಮೇಲೆ ನಿಮ್ಮೋರು ಹೇಗಪ್ಪಾ ಕೂರ್ತಾರೆ?"

ಮಾತೇನೋ ದೊಡ್ಡದಾಗಿಯೇ ಬಂತು. ಆದರೆ ಆ ಕಾಗದ ಜೇಬಿನಲ್ಲಿ ಯಾಕಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಮನೆಯ ಬೀಗ ತೆಗೆದರೆ ಒಳಗೆ ಯಾರೂ ಇರುತ್ತಿರಲಿಲ್ಲ. ಈ ಪುಸ್ತಕದಲ್ಲಾದರೂ ಅವಳು ಇನ್ನೂ ಇದ್ದಳು.

ಮೇಜಿನ ಖಾನೆಯಲ್ಲಿ ಒಂದು ಅರ್ಜಿಯಿತ್ತು. ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದರೆ ಒಬ್ಬರು ಇನ್ನೊಬ್ಬರ ಪಟ್ಟಿಗೆ ಸೇರಬಹುದಿತ್ತು. ಇವನು ತನ್ನ ಪಟ್ಟಿಗೆ ಬರಲೆಂದು ಪ್ರತಿ ಚುನಾವಣೆಗೂ ಅವಳು ಸಹಿ ಹಾಕಿ, ಅವನ ಊಟದ ಡಬ್ಬಿಯ ಪಕ್ಕ ಇಡುತ್ತಿದ್ದಳು. ಇವನು ಪ್ರತಿ ಸಲ "ನೋಡೋಣ" ಎನ್ನುತ್ತಿದ್ದ. ಬಡ್ತಿ ತಪ್ಪೀತು, ಕಚೇರಿಯವರು ಆಡಿಕೊಂಡಾರು ಎಂಬ ಪುಕ್ಕಲುತನ, ಬೇರೇನಲ್ಲ. ಅವಳು ಒಮ್ಮೆಯೂ ಮುನಿಸಿಕೊಳ್ಳಲಿಲ್ಲ. ಮುಂದಿನ ಸಲ ಮತ್ತೆ ಇಡುತ್ತಿದ್ದಳು. ಈ ಸಲದ್ದಕ್ಕೆ ಮೂರು ತಿಂಗಳ ಹಿಂದೆ ಸಹಿ ಹಾಕಿದ್ದಳು. ಸಹಿ ಒಂದು ವರ್ಷ ನಡೆಯುತ್ತದೆ, ಹಾಕಿದವರು ಬದುಕಿರಲಿ ಇಲ್ಲದಿರಲಿ. ಆ ನಿಯಮ ಅವನಿಗೆ ಬಾಯಿಪಾಠ.

ಅವನು ಜೇಬಿನಿಂದ ಮರಣಪತ್ರ ತೆಗೆದು ಮೇಜಿನ ಮೇಲಿಟ್ಟ. ಪುಸ್ತಕ ಬಿಡಿಸಿ, ಅವಳ ಹೆಸರಿನ ಮೇಲೆ ಸ್ಕೇಲು ಹಿಡಿದು ಗೀಟು ಎಳೆದ. ಮೊದಲ ಬಾರಿಗೆ ಗೀಟು ಸೊಟ್ಟಗಾಯಿತು. ಆಮೇಲೆ ಅರ್ಜಿಯಲ್ಲಿ ಅವಳ ಸಹಿಯ ಪಕ್ಕ ತನ್ನ ಸಹಿ ಹಾಕಿ, ಆ ತೆಳು ಪುಸ್ತಕದ ಕೊನೆಯ ಪುಟದಲ್ಲಿ ತನ್ನ ಹೆಸರು ಬರೆದ. ಮನೆ ನಂಬರು ಅದೇ.

ಭಾವಮೈದ ಕಣ್ಣೊರೆಸಿಕೊಂಡು ಅವನ ಕೈ ಹಿಡಿದ. "ಎರಡು ಸಾವಿರ ಆಯ್ತು ಭಾವ. ಉಳೀತು. ನೀವೂ ನಮ್ಮೋರಾದ್ರಿ."

ಅವನು ಪುಟ ತಿರುವಿ ಅವಳ ಹೆಸರಿದ್ದಲ್ಲಿಗೆ ಹೋದ. ಕೆಂಪು ಶಾಯಿ ಇನ್ನೂ ಒಣಗಿರಲಿಲ್ಲ.

"ಅವಳು ಇದ್ದಾಗ ಬರಬೇಕಿತ್ತು ಕಣಪ್ಪಾ," ಎಂದ.