ಎತ್ತರದ ಸಸಿ, ಜಳ್ಳು ತೆನೆ

ಭತ್ತದ ಸಸಿಮಡಿಯಲ್ಲಿ ಬಗ್ಗಿ, ಅತ್ತೆ ಎಲ್ಲಕ್ಕಿಂತ ಎತ್ತರದ ಸಸಿಗಳನ್ನಷ್ಟೇ ಆರಿಸಿ ಕೀಳುತ್ತಿದ್ದರು. ಅವು ಬೀಜದ ಗದ್ದೆಗೆ. ಬೀದಿಯ ಆರು ಮನೆಗಳೂ ಮುಂದಿನ ವರ್ಷ ಬಿತ್ತುವುದು ಆ ಗದ್ದೆಯ ಕಾಳನ್ನೇ. ಮೂವತ್ತು ವರ್ಷದಿಂದ ಆರಿಸುತ್ತಿರುವ ಕಣ್ಣು, ಎದುರಾಡಿದವರಿಲ್ಲ. ನಾಟಿಗೆ ಬಂದ ನೆರೆಮನೆಯ ಹೆಂಗಸರು ಬದುವಿನ ಮೇಲೆ ಕಾಯುತ್ತಿದ್ದರು.

ಕೃಷಿ ಕಚೇರಿಯಿಂದ ಬೀಜ ಪರೀಕ್ಷೆಗೆ ಬರುವ ಅಕ್ಕ ಸೈಕಲ್ ಒರಗಿಸಿ, ನೇರ ಕೆಸರಿಗಿಳಿದಳು.

“ಅಮ್ಮಾ, ಆ ಕಟ್ಟು ನೆಡಬೇಡಿ.”

“ಯಾಕೆ? ಉದ್ದ ಬೆಳೆದಿರೋದು ನಿನ್ನ ಕಣ್ಣಿಗೆ ಚುಚ್ತಾ?”

“ಅದರೊಳಗೆ ಬೂಷ್ಟು ಸೇರಿದೆ.”

“ಬೂಷ್ಟು ಹಿಡಿದ್ರೆ ಕೊಳೀಬೇಕು ಕಣೇ. ಸಸೀನ ಎತ್ತರಕ್ಕೆ ಬೆಳೆಸೋ ಬೂಷ್ಟು ನಿನ್ನ ಪುಸ್ತಕದಲ್ಲಿ ಮಾತ್ರ ಇರ್ಬೇಕು.”

ಬದುವಿನ ಮೇಲೆ ನಗು ಎದ್ದಿತು. ಅಕ್ಕ ನಗಲಿಲ್ಲ. ಎರಡು ಸಸಿ ಕಿತ್ತು ಅಂಗೈಯಲ್ಲಿಟ್ಟಳು. ಒಂದು ಗಿಡ್ಡ, ದಟ್ಟ ಹಸಿರು. ಇನ್ನೊಂದು ಉದ್ದ, ಸಣಕಲು, ಹಳದಿಗೆ ತಿರುಗಿದ ಬಣ್ಣ.

“ಸಸಿಯನ್ನ ಬೆಳೆಸೋ ರಸ ಸಸಿಯಲ್ಲೇ ಇರುತ್ತೆ, ಬೇಕಾದಷ್ಟು. ಈ ಶಿಲೀಂಧ್ರ, ಅದೇ ಬೂಷ್ಟು, ತಾನೂ ಆ ರಸ ಮಾಡಿ ಒಳಗೆ ಮಿತಿಮೀರಿ ಸುರಿದುಬಿಡುತ್ತೆ. ಸಸಿ ಹುಚ್ಚೆದ್ದು ಮೇಲಕ್ಕೆ ಓಡುತ್ತೆ. ಕೆಲವು ನೆಟ್ಟಮೇಲೆ ಸಾಯ್ತವೆ. ಉಳಿದವು ತೆನೆ ಬಿಟ್ರೂ ಕಾಳು ಕಟ್ಟಲ್ಲ. ಹೋದ ವರ್ಷ ಬೀಜದ ಗದ್ದೆ ಹೇಗಿತ್ತು?”

“ಮಧ್ಯ ಮಧ್ಯ ಜಳ್ಳಿತ್ತಕ್ಕಾ,” ಎಂದಳು ಪಕ್ಕದಲ್ಲೇ ಸಸಿ ಕೀಳುತ್ತಿದ್ದ ಸೊಸೆ.

“ಗುಬ್ಬಿ ತಿಂದಿದ್ದು,” ಅತ್ತೆ ಗದರಿದರು.

“ಗುಬ್ಬಿ ತಿಂದ್ರೆ ಹೊಟ್ಟು ಒಡೆದಿರ್ಬೇಕಲ್ಲ ಅತ್ತೆ. ಒಡೆದಿರ್ಲಿಲ್ಲ. ಒಳಗೆ ಏನೂ ಇರ್ಲಿಲ್ಲ. ತೂರಿದ್ದು ನಾನೇ ಅಲ್ವಾ.”

ಅಕ್ಕ ಮುಂದುವರಿಸಿದಳು: “ಆ ಜಳ್ಳು ಗಿಡದ ಬೂಷ್ಟು ಗಾಳಿಯಲ್ಲಿ ಪಕ್ಕದ ತೆನೆಗೆ ಹಾರುತ್ತೆ. ಆ ಕಾಳು ನೋಡೋಕೆ ಚೆನ್ನಾಗೇ ಇರುತ್ತೆ, ರೋಗ ಹೊತ್ತಿರುತ್ತೆ.”

“ನಮ್ಮ ಮಡಿಯಲ್ಲೂ ಈ ಸಲ ಉದ್ದ ಸಸಿ ಬಂದಿದೆಯಲ್ಲೇ,” ಎನ್ನುತ್ತ ಬದುವಿನ ಮೇಲಿದ್ದ ಒಬ್ಬಳು ಎದ್ದು ನಿಂತಳು.

ಅತ್ತೆ ಕೈಯಲ್ಲಿನ ಕಟ್ಟನ್ನು ನೋಡಿದರು. ಬಿಗಿದ ಗಂಟನ್ನು ತಾವೇ ಬಿಚ್ಚಿದರು.

“ಇದನ್ನ ಏನು ಮಾಡ್ಲಿ?”

“ಬದುವಿನ ಮೇಲೆ ಬಿಸಾಡಬೇಡಿ. ಒಂದೆಡೆ ಒಣಗಿಸಿ ಸುಡಿ. ಉಳಿದ ಹಸಿರು ಸಸಿ ಊಟಕ್ಕೆ ನೆಡಿ, ಬೀಜಕ್ಕಲ್ಲ.”

ಅತ್ತೆ ಬದು ಹತ್ತಿದರು. “ನಿಮಗೆಲ್ಲ ಬೀಜ ಕೊಟ್ಟಿದ್ದು ನಾನು. ನಮ್ಮ ನಾಟಿ ಆಮೇಲಾಗ್ಲಿ. ಮೊದಲು ನಿಮ್ಮ ಮಡಿಗೆ ನಡೀರಿ.”

ಓದುತ್ತಿರುವ ನೀವೂ ಕೇಳಿ. ಎತ್ತರ ಕಂಡಲ್ಲಿ ಕೈಮುಗಿಯುವ ಚಟ ಗದ್ದೆಯಲ್ಲೂ ನಮ್ಮನ್ನು ಬಿಟ್ಟಿಲ್ಲ. ಮಡಿಗಿಳಿಯಿರಿ. ಸೊರಗಿ ಉದ್ದವಾದ ಸಸಿಯನ್ನು ಬುಡಸಮೇತ ಕೀಳಿರಿ. ಅಂಥ ಸಸಿ ಕಂಡ ಗದ್ದೆಯ ಕಾಳನ್ನು ಬೀಜಕ್ಕೆ ಇಡಬೇಡಿ. ಬಿತ್ತುವ ಮುನ್ನ ಕಾಳನ್ನು ಉಪ್ಪುನೀರಿಗೆ ಸುರಿಯಿರಿ. ತೇಲಿದ್ದನ್ನು ತೆಗೆದುಹಾಕಿ, ಮುಳುಗಿದ್ದನ್ನು ಒಳ್ಳೆಯ ನೀರಲ್ಲಿ ತೊಳೆದು, ಕೃಷಿ ಕಚೇರಿಯಲ್ಲಿ ಕೇಳಿ ಬೀಜೋಪಚಾರ ಮಾಡಿ. ಈಗಾಗಲೇ ಬೀಜ ಹಂಚಿದ್ದರೆ, ಆ ಮನೆಗಳ ಬಾಗಿಲು ಇವತ್ತೇ ತಟ್ಟಿ. ನಾಚಿಕೆ ನಾಳೆ ಪಡಬಹುದು.