ಬಾಮೈದ ಹಿಡಿದ ಹಗ್ಗ

ಜೇನಿಗೆ ಇಳಿಯುವವನ ಹಗ್ಗವನ್ನು ಬಾಮೈದನೇ ಹಿಡಿಯಬೇಕು. ಅಣ್ಣತಮ್ಮಂದಿರಿಗೆ ಮನೆಯ ಪಾಲು ನೆನಪಾದರೆ ಕಷ್ಟ. ಅಕ್ಕನ ತಾಳಿಯನ್ನು ಮಾತ್ರ ಯಾವ ತಮ್ಮನೂ ಕೈಬಿಡಲಾರ ಎಂದು ನಮ್ಮ ಕಡೆಯ ನಂಬಿಕೆ. ಅದಕ್ಕೇ ನಮ್ಮ ಯಜಮಾನರು ಕಾಳಪ್ಪನವರು, ಮಾತು ಬಿಟ್ಟಿದ್ದ ನನ್ನ ತಮ್ಮ ಮುದ್ದಯ್ಯನನ್ನು ಕರೆಸಬೇಕಾಯಿತು. ಮುದ್ದಯ್ಯ ಎರೆದ ಕಂಚಿನ ಲಕ್ಷ್ಮಿಯ ಮೂಗು ಸೊಟ್ಟ ಎಂದು ಇವರು ನಾಲ್ಕು ಜನರ ಮುಂದೆ ಆಡಿಕೊಂಡಿದ್ದರು. ಜಗಳಕ್ಕೆ ಅಷ್ಟೇ ಕಾರಣ. ನಾಗಮಂಗಲದ ಕಂಚುಗಾರರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಶ್ರೀರಂಗಪಟ್ಟಣಕ್ಕೆ ಕಂಪನಿ ದಂಡು ಮುತ್ತಿಗೆ ಹಾಕಿ ಹೋದ ಮರುವರ್ಷ ಅದು. ಸಂತೆಯಲ್ಲಿ ಮೇಣವೇ ಇರಲಿಲ್ಲ. ಇವರೂ ಕಂಚುಗಾರರೇ, ಮೇಣದಲ್ಲಿ ಬೊಂಬೆ ತಿದ್ದದೆ ಕಂಚು ಎರೆಯುವುದು ಹೇಗೆ? ಚುಂಚನಗಿರಿಯ ಬಂಡೆಯೊಂದರ ಕೆಳಗೆ ಹೆಜ್ಜೇನು ಬಿಟ್ಟುಹೋದ ಮೇಣದ ತಟ್ಟಿಗಳಿದ್ದವು. ಅಲ್ಲಿ ಬಂಡೆ ಒಳಕ್ಕೆ ಸರಿದಿತ್ತು, ಇಳಿದವನು ಉಯ್ಯಾಲೆಯಂತೆ ಜೀಕಿಯೇ ಅವನ್ನು ಮುಟ್ಟಬೇಕು. ಇವರು ತಮ್ಮ ತೂಕದ ಕಲ್ಲನ್ನು ಮರಕ್ಕೆ ನೇತುಹಾಕಿ ಹಗ್ಗವನ್ನು ಪರೀಕ್ಷಿಸಿದ್ದರು. ಹಗ್ಗ ಜಪ್ಪಯ್ಯ ಎನ್ನಲಿಲ್ಲ. ಆದರೆ ಕಲ್ಲು ಜೀಕುವುದಿಲ್ಲವಲ್ಲ!

ಮುದ್ದಯ್ಯ ಹಗ್ಗವನ್ನು ಮರದ ಬೊಡ್ಡೆಗೆ ಒಂದು ಸುತ್ತು ಹಾಕಿ ತುದಿ ಹಿಡಿದು ನಿಂತ, ಪಕ್ಕದಲ್ಲಿ ನಾನು. ಇವರು ಇಳಿದು ಜೀಕತೊಡಗಿದರು. ಸ್ವಲ್ಪ ಹೊತ್ತಿಗೇ ಬಂಡೆಯ ಅಂಚಿನಲ್ಲಿ ಹಗ್ಗದ ಒಂದು ಎಳೆ ಪಟ್ಟೆಂದು ಕಿತ್ತುಹೋಯಿತು.

"ಅಕ್ಕ, ಆ ತುದಿ ಈ ತುದೀಲಿ ಬಾವ ಅಗುರ ಕಣಕ್ಕ. ನಡುಮಧ್ಯಕ್ಕೆ ಬಂದೇಟ್ಗೆ ಇಬ್ರು ಆಳಿನ ಭಾರ ಬೀಳ್ತದೆ!" ಎಂದ ಮುದ್ದಯ್ಯ.

ಜೀಕುವುದನ್ನು ನಿಲ್ಲಿಸಿ ಎಂದು ಕೂಗಿದೆವು. ನಮ್ಮ ಕೂಗು ಇವರಿಗೆ ಮುಟ್ಟಲಿಲ್ಲ. ಇವರ ಬೈಗುಳ ಮಾತ್ರ ನಮಗೆ ಚೆನ್ನಾಗಿ ಕೇಳಿಸಿತು. ಆಗ ಮುದ್ದಯ್ಯ ಒಂದು ಉಪಾಯ ಮಾಡಿದ. ಇವರು ನಡುವಿಗೆ ಬಂದು ಹಗ್ಗ ಬಿಗಿಯುವಾಗ ಗೇಣುದ್ದ ಮುಷ್ಟಿಯಲ್ಲಿ ಜಾರಲು ಬಿಟ್ಟ. ತುದಿಗೆ ಹೋಗಿ ಹಗುರಾದಾಗ ಮತ್ತೆ ಎಳೆದುಕೊಂಡ. ಹಗ್ಗದ ನರಳಾಟ ಕಡಿಮೆಯಾಯಿತು.

"ಲೇ ಮುದ್ದಯ್ಯ, ಹಗ್ಗ ಸಡ್ಲ ಬುಡ್ತಿದ್ದೀಯೇನ್ಲಾ? ನನ್ನ ಸಾಯ್ಸಕ್ಕೇ ಬಂದಿದ್ದೀಯೇನ್ಲಾ?" ಕೆಳಗಿನಿಂದ ಇವರ ಅಬ್ಬರ.

ಅವನ ಕಣ್ಣು ಹಗ್ಗದ ಮೇಲೆಯೇ ಇತ್ತು. ಬಿಡುವುದು, ಎಳೆಯುವುದು, ಬಿಡುವುದು. ಮುಷ್ಟಿಯಿಂದ ರಕ್ತ ಹಗ್ಗಕ್ಕೆ ಇಳಿಯುತ್ತಿತ್ತು. ಚಿಕ್ಕಂದಿನಿಂದ ಕಂಡ ಕೈಗಳೇ. ಆದರೂ ಅವು ಇಷ್ಟು ಜಾಣ ಕೈಗಳೆಂದು ನನಗೆ ಗೊತ್ತಿರಲಿಲ್ಲ. ಹೆದರಿಕೆಯ ನಡುವೆಯೂ ಹೆಮ್ಮೆಯಿಂದ ಅಳು ಬಂತು.

ಜೀಕು ನಿಂತ ಮೇಲೆ ನಾನೂ ಸೇರಿ ಇವರನ್ನು ಮೇಲೆಳೆದೆವು. ಬುಟ್ಟಿಯ ತುಂಬ ತಟ್ಟಿ, ಕಣ್ಣಿನ ತುಂಬ ಬೆಂಕಿ. ಹೊಡೆಯಲೆಂದೇ ನುಗ್ಗಿ ಮುದ್ದಯ್ಯನ ಕೈ ಹಿಡಿದರು. ಅಂಗೈಯಲ್ಲಿ ಚರ್ಮವೇ ಇರಲಿಲ್ಲ. ತಿರುಗಿ ಹಗ್ಗ ನೋಡಿದರು. ಅಂಚಿಗೆ ಉಜ್ಜಿದ ಜಾಗದಲ್ಲಿ ಒಂದೇ ಎಳೆ ಉಳಿದಿತ್ತು. ಇವರು ಬಂಡೆಯ ಮೇಲೆ ಕುಸಿದು ಕೂತರು.

ಸಂಜೆ ಊಟಕ್ಕೆ ಕೂತಾಗ ಮುದ್ದಯ್ಯನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ತುತ್ತಿಡಲು ನಾನು ಎಲೆಯ ಮುಂದೆ ಕೂತೆ. ಇವರು ನನ್ನನ್ನು ಆಚೆ ಸರಿಸಿ, ತಾವೇ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿದರು.

"ಬಾಯಿ ತಗಿ ಕಣ್ಲಾ," ಎಂದರು.