ಒಬ್ಬರ ಟೆಂಟು

ಮಳೆಯಲ್ಲಿ ನೆನೆದ ಕರಿಕಂಬಳಿಗೆ ಒಂದು ವಾಸನೆ ಇರುತ್ತದೆ. ಕುರಿಯದ್ದು ಸ್ವಲ್ಪ, ಒಲೆಯ ಹೊಗೆಯದ್ದು ಸ್ವಲ್ಪ. ಬ್ಯಾಡರಹಳ್ಳಿಯ ಹೊಲದಲ್ಲಿ ರಾಗಿ ತೆನೆ ಕಾಯುತ್ತ ಅಪ್ಪ ಕಂಬಳಿ ಹೊದ್ದು ಕೂತಿದ್ದರೆ, ಪುಟ್ಟ ಕುಸುಮಾ ಅದರೊಳಗೆ ನುಸುಳಿ ಅವರ ಬೆನ್ನಿಗೆ ಮೂಗು ಒತ್ತಿಕೊಂಡು ಕೂರುತ್ತಿದ್ದಳು. ಈಗ ಐವತ್ತಾರು ದಾಟಿದ ಕುಸುಮಾ ಬಸವೇಶ್ವರನಗರದ ಅಂಗಡಿಯೊಂದರಲ್ಲಿ, ನೆಲದ ಮೇಲೆ ಬಿಡಿಸಿಟ್ಟ ಟೆಂಟಿನೊಳಕ್ಕೆ ತಲೆ ತೂರಿಸಿದ್ದಳು. ಅಲ್ಲಿದ್ದದ್ದು ಹೊಸ ರೇನ್‌ಕೋಟಿನ ವಾಸನೆ. ಆದರೂ ಏಕೋ ಕಂಬಳಿಯೇ ನೆನಪಾಯಿತು.

"ಪೂರ್ತಿ ಒಳಗೆ ಹೋಗಿ ಮಲಗಿ ನೋಡಿ ಆಂಟಿ. ಯಾರೂ ಏನೂ ಅಂದ್ಕೊಳಲ್ಲ," ಎಂದಳು ಅಂಗಡಿಯ ಚೇತನಾ. ಹಾಗೆಂದವಳು, ರಸ್ತೆಯಲ್ಲಿ ಹೋಗುವವರಿಗೆ ಕಾಣದಂತೆ ಬಾಗಿಲಿಗೆ ಅಡ್ಡವಾಗಿ ಬಂದು ನಿಂತುಕೊಂಡಳು. ಕುಸುಮಾ ಅದನ್ನು ಗಮನಿಸಿದಳು. ಗಮನಿಸಿದ್ದರಿಂದಲೇ ಧೈರ್ಯವಾಗಿ ಕಾಲು ಚಾಚಿ ಮಲಗಿದಳು.

"ಹನ್ನೆರಡು ತಿಂಗಳಿಗೂ ಆಗ್ಬೇಕು ಅಂದ್ರಲ್ಲ, ಅದಕ್ಕೇ ಎರಡು ಪದರದ್ದು ತೋರಿಸ್ತಾ ಇದೀನಿ. ಮಳೆಗಾಲಕ್ಕೆ ಮೇಲಿನ ಹೊದಿಕೆ ನೆಲದವರೆಗೂ ಬರುತ್ತೆ. ಬೇಸಿಗೆಲಿ ಅದನ್ನ ತೆಗೆದ್ಬಿಟ್ರೆ ಬರೀ ಸೊಳ್ಳೆಪರದೆ, ಗಾಳಿ ಆಡುತ್ತೆ. ಚಳಿಗಾಲದಲ್ಲಿ ಮಾತ್ರ ಮೇಲ್ಗಡೆ ಈ ಕಿಟಕಿ ಸ್ವಲ್ಪ ತೆಗೆದಿಡ್ಬೇಕು. ಇಲ್ದಿದ್ರೆ ನಮ್ಮ ಉಸಿರೇ ನೀರಾಗಿ ತೊಟ್ಟಿಕ್ಕುತ್ತೆ."

"ತೂಕ ಎಷ್ಟಮ್ಮ?"

"ಒಂದೂಕಾಲು ಕೆಜಿ. ನಿಮ್ಮನೆ ಕುಕ್ಕರ್‌ಗಿಂತ ಕಮ್ಮಿ."

"ಅದು?" ಕುಸುಮಾ ಮೂಲೆಯಲ್ಲಿದ್ದ ದೊಡ್ಡ ಚೀಲದತ್ತ ಬೆರಳು ತೋರಿಸಿದಳು.

"ಅದು ಇಬ್ಬರದ್ದು, ಎರಡೂವರೆ ಆಗುತ್ತೆ. ಇಬ್ರು ಹೋದ್ರೆ ಟೆಂಟಿನ ಕಂಬಿ ಒಬ್ರು, ಬಟ್ಟೆ ಒಬ್ರು ಹಂಚ್ಕೋಬಹುದು. ನೀವು ಒಬ್ರೇನಾ ಆಂಟಿ, ಇಬ್ರಾ?"

ಕುಸುಮಾ ಟೆಂಟಿನ ಜಿಪ್ಪನ್ನು ಎಳೆದು ಮುಚ್ಚಿದಳು, ಮತ್ತೆ ತೆರೆದಳು.

ಮದುವೆಯಾದ ವರ್ಷದಿಂದ ಅವಳೂ ಗಂಡ ಶಶಿಕುಮಾರನೂ ಬೆಟ್ಟ ಹತ್ತಿದವರು. ಟೆಂಟನ್ನು ಯಾವಾಗಲೂ ಬಾಡಿಗೆಗೆ ತರುತ್ತಿದ್ದರು. ಕಂಬಿ ಅವನ ಚೀಲದಲ್ಲಿ, ಬಟ್ಟೆ ಅವಳ ಚೀಲದಲ್ಲಿ. ಹೋದ ವರ್ಷ ಅವನ ಮಂಡಿಯ ಆಪರೇಷನ್ ಆಯಿತು. ಪಾರ್ಕಿನಲ್ಲಿ ಎಷ್ಟು ಬೇಕಾದರೂ ನಡೆಯಿರಿ, ಬೆಟ್ಟದ ಆಸೆ ಬಿಡಿ ಎಂದರು ಡಾಕ್ಟರು. ನೀನು ಹೋಗಿ ಬಾ ಕಣೇ ಎಂದು ಅವನು ಹಲವು ಸಲ ಹೇಳಿದ. ಅವಳು ಹೋಗಲಿಲ್ಲ. ಕೊನೆಗೆ, ಪ್ರತಿ ತಿಂಗಳೂ ನಡೆಯಲು ಹೋಗುವ ಹೆಂಗಸರ ಗುಂಪೊಂದಕ್ಕೆ ಅವಳ ಹೆಸರನ್ನು ಅವನೇ ಸೇರಿಸಿಬಿಟ್ಟ. ಈ ಶನಿವಾರ ಹೊರಡಬೇಕು. ಅವರವರ ಟೆಂಟು ಅವರವರೇ ತರಬೇಕು. ಒಬ್ಬರು ಮಲಗುವ ಟೆಂಟನ್ನು ಮನೆಗೆ ಒಯ್ದರೆ, ಇನ್ನು ನೀವು ಬರುವುದಿಲ್ಲ ಎಂದು ಅವನ ಮುಖಕ್ಕೇ ಹೇಳಿದಂತಾಗುತ್ತದಲ್ಲ ಎಂಬುದು ಅವಳ ಸಂಕಟ.

ಚೇತನಾ ಮತ್ತೆ ಕೇಳಲಿಲ್ಲ. "ಎರಡನ್ನೂ ತಗೊಂಡ್ಹೋಗಿ. ಟೆರೇಸ್ ಮೇಲೆ ಹಾಕಿ ನೋಡಿ, ಬೇಡದ್ದನ್ನ ನಾಳೆ ವಾಪಸ್ ತಂದ್ಕೊಡಿ. ಹೊಸದು ಹೊಸದಾಗೇ ಇರ್ಬೇಕು, ಅಷ್ಟೇ," ಎಂದು ಎರಡೂ ಚೀಲಗಳನ್ನು ಆಟೋದವರೆಗೆ ತಂದು ಇಟ್ಟಳು.

ಕುರುಬರಹಳ್ಳಿಯ ಮನೆಯಲ್ಲಿ ಶಶಿಕುಮಾರ ಚೀಲಗಳನ್ನು ನೋಡಿ, "ಎರಡ್ಯಾಕೆ?" ಎಂದ.

"ನೋಡೋಕೆ ರೀ."

ಅವನು ಇನ್ನೇನೂ ಕೇಳದೆ, ಕೋಲೂರಿಕೊಂಡು, ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಇಡುತ್ತ ಟೆರೇಸಿಗೆ ಬಂದ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಹುಕುಂ ಕೊಡತೊಡಗಿದ. ಸಿಮೆಂಟಿನ ನೆಲಕ್ಕೆ ಗೂಟ ಹೊಡೆಯುವಂತಿರಲಿಲ್ಲ. ಹಾಗಾಗಿ ಎರಡೂ ಟೆಂಟುಗಳ ದಾರಗಳನ್ನು ಇಟ್ಟಿಗೆಗೂ, ನೀರು ತುಂಬಿದ ಬಿಂದಿಗೆಗಳಿಗೂ ಕಟ್ಟಿದ್ದಾಯಿತು. ಪಕ್ಕದ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದ ಸತ್ಯವತಿ ಇಣುಕಿದಳು.

"ಏನ್ ಕುಸುಮಾ, ಮೇಲೊಂದು ಪೋರ್ಷನ್ ಎತ್ತಿಬಿಟ್ರಾ? ಬಾಡಿಗೆಗಾ?"

"ಅಡ್ವಾನ್ಸ್ ಕೊಟ್ಟು ಬಂದ್ಬಿಡಿ ಸತ್ಯವತಿಯವ್ರೇ," ಎಂದ ಶಶಿಕುಮಾರ. "ಗಾಳಿ ಬೆಳಕು ಚೆನ್ನಾಗಿದೆ. ಅಟ್ಯಾಚ್ಡ್ ಬಾತ್‌ರೂಮ್ ಒಂದು ಇಲ್ಲ."

"ನಮ್ಮನೆಯವರ ಗೊರಕೆಗೆ ಆ ಚಿಕ್ಕದು ಹರಿದೇ ಹೋಗುತ್ತೆ, ಬೇಡಪ್ಪಾ!" ಎಂದು ನಗುತ್ತ ಅವಳು ಬಟ್ಟೆಯೊಂದಿಗೆ ಕೆಳಗಿಳಿದಳು.

ಶಶಿಕುಮಾರ ದೊಡ್ಡ ಟೆಂಟಿನ ಮುಂದೆ ಬಂದು ನಿಂತ. ಕೋಲನ್ನು ಗೋಡೆಗೆ ಒರಗಿಸಿ, ಬಗ್ಗಲು ಹೋದ. ಮಂಡಿ ಮಡಚಿಕೊಳ್ಳಲಿಲ್ಲ. ಕೈಯೂರಿ, ಹೊಟ್ಟೆಯ ಮೇಲೆ ತೆವಳಿ, ಸೊಂಟದವರೆಗೆ ಒಳಗೆ ಹೋದ. ಕಾಲುಗಳೆರಡೂ ಹೊರಗೇ ಉಳಿದವು.

"ಕುಸುಮಾ."

"ಏನ್ರೀ?"

"ಮುಂದಕ್ಕೂ ಆಗ್ತಿಲ್ಲ, ಹಿಂದಕ್ಕೂ ಆಗ್ತಿಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಸೊಂಟ ಹಿಡಿದು ಎಳೆದಳು. ಅವನು ಒಳಗಿಂದ, "ಮೆಲ್ಲಗೆ ಕಣೇ, ಹೊಸ ಮಂಡಿ," ಎಂದು ಕೂಗಿದ. ಹೊರಗೆ ಬಂದು ನೆಲದ ಮೇಲೇ ಕೂತು ಸುಧಾರಿಸಿಕೊಂಡ. "ಒಳಗೆ ಚೆನ್ನಾಗಿದೆ. ವಿಶಾಲವಾಗಿದೆ."

"ಹಾಗಾದ್ರೆ ಇದೇ ಇರ್ಲಿ."

"ಎರಡೂವರೆ ಕೆಜಿ. ಯಾರು ಹೊರೋರು?"

"ನಾನೇ."

"ಊಟ, ನೀರು, ಹೊದಿಕೆ ಎಲ್ಲಾ ಬೇರೆ ಇರುತ್ತಲ್ಲ. ನಿನ್ನ ಸೊಂಟದ ಕಥೆ?"

"ಹೊರ್ತೀನಿ ಬಿಡಿ ಅಂದ್ನಲ್ಲ. ಮುಂದೆ ಒಂದಿನ ನಿಮ್ಮ ಮಂಡಿ ಸರಿಹೋದ್ರೆ?"

ಅವನು ನೀರಿನ ಟ್ಯಾಂಕಿನ ಕಡೆ ನೋಡಿದ. ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಆ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದೇ ಅವಳಿಗೆ ಸುಲಭವಾಗಿತ್ತು. ಚಿಕ್ಕದನ್ನು ನಾಳೆ ಹಿಂದಿರುಗಿಸುವುದೆಂದು ಹೇಳಿ, ಕಾಫಿಗೆಂದು ಇಬ್ಬರೂ ಕೆಳಗಿಳಿದರು.

ಕಾಫಿ ಲೋಟಕ್ಕೆ ಇಳಿಯುವಷ್ಟರಲ್ಲಿ ಮೇಲಿನಿಂದ ಪ್ಲಾಸ್ಟಿಕ್ ಸುಟ್ಟ ಘಾಟು ಬಂತು. ಕುಸುಮಾ ಮೆಟ್ಟಿಲು ಹಾರಿಕೊಂಡು ಓಡಿದಳು.

ಇವರು ಅಡುಗೆಮನೆಯಲ್ಲಿದ್ದಾಗ ಮೇಲೆ ಹತ್ತಿದ್ದ ಅತ್ತೆ ಹನುಮಕ್ಕ ಚಿಕ್ಕ ಟೆಂಟಿನ ಮುಂದೆ ತಟ್ಟೆ ಹಿಡಿದು ಕಲ್ಲಿನಂತೆ ನಿಂತಿದ್ದರು. ಟೆಂಟಿನ ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಬಿದ್ದಿತ್ತು. ಜಿಪ್ಪಿನ ತುದಿಗೆ ದಾಸವಾಳ ಸಿಕ್ಕಿಸಿತ್ತು. ಬಾಗಿಲಿನ ಕುಣಿಕೆಗೆ ಸಿಕ್ಕಿಸಿದ್ದ ಊದುಕಡ್ಡಿ ಗಾಳಿಗೆ ಬಗ್ಗಿ, ಹೊದಿಕೆಯಲ್ಲಿ ಕಡಲೆಕಾಳಿನಷ್ಟು ತೂತು ಮಾಡಿತ್ತು.

ಆ ಮನೆಗೆ ಬಂದ ಯಾವ ವಸ್ತುವೂ ಹನುಮಕ್ಕನ ಪೂಜೆ ಇಲ್ಲದೆ ಬಳಕೆಗೆ ಬಂದದ್ದಿಲ್ಲ. ಸ್ಕೂಟರು, ಫ್ರಿಜ್ಜು, ಮಿಕ್ಸಿ. ಆಪರೇಷನ್ ಆದ ಮೇಲೆ ತಂದ ವಾಕರಿಗೂ ಕುಂಕುಮ ಬಿದ್ದು, ಅದರ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದರು.

"ಅಯ್ಯೋ ಕುಸ್ಮಾ, ಏನೋ ಮಾಡಕ್ಕೋಗಿ ಏನೋ ಆಗೋಯ್ತಲ್ಲವ್ವಾ," ಎಂದರು.

ಏದುಸಿರು ಬಿಡುತ್ತ ಶಶಿಕುಮಾರನೂ ಮೇಲೆ ಬಂದ. ತೂತಿನೊಳಗೆ ಬೆರಳು ಆಡಿಸಿ ನೋಡಿದ. "ಎರಡಿತ್ತಲ್ಲಮ್ಮಾ. ಇದಕ್ಕೇ ಯಾಕೆ ಮಾಡ್ದೆ? ಇದನ್ನ ವಾಪಸ್ ಕೊಡೋದಿತ್ತು."

"ಇದನ್ನಾ?" ಹನುಮಕ್ಕನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ವಾಪಸ್ ಕೊಡೋದು ಆ ದೊಡ್ಡದು ಅಂದ್ಕಂಡೆ ಕಣ್ಲಾ. ಬೆಟ್ಟಕ್ಕೆ ಓಗೋಳು ಇವ್ಳೊಬ್ಳೇ ಅಲ್ವೇನ್ಲಾ? ನಿನ್ ಮಂಡಿ ನೆಟ್ಟಗೈತಾ? ಒಬ್ಳೇ ಓಯ್ತಾಳಲ್ಲ, ಸುಖವಾಗಿ ಓಗಿ ಬರ್ಲಿ ಅಂತ ಮಾಡ್ದೆ."

ಕುಸುಮಾ ಗಂಡನ ಮುಖ ನೋಡಲು ಹೆದರಿದಳು. ಇಷ್ಟು ದಿನ ತಾನು ಬಾಯಿಗೆ ಬಾರದಂತೆ ಕಾದಿಟ್ಟ ಮಾತನ್ನು ಅತ್ತೆ ಸೊಪ್ಪಿನ ವಿಚಾರ ಹೇಳಿದಷ್ಟು ಸಲೀಸಾಗಿ ಹೇಳಿಬಿಟ್ಟಿದ್ದರು.

ಮೊದಲು ಅವನ ಭುಜ ಅಲುಗಿತು. ಅವನು ನಗುತ್ತಿದ್ದ. ಕುರ್ಚಿಗೆ ಕುಸಿದು, ಕನ್ನಡಕ ತೆಗೆದು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಒರೆಸಿಕೊಳ್ಳುವುದು ನಗುವಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು.

"ಅಮ್ಮ ಹೇಳಿದ್ ಮೇಲೆ ಮುಗೀತು," ಎಂದ. "ಪೂಜೆ ಆಗಿರೋದನ್ನ ಯಾರು ವಾಪಸ್ ಕೊಡ್ತಾರೆ?"

"ರೀ..."

"ಆ ದೊಡ್ಡದನ್ನ ಬಿಚ್ಚು. ನಾನು ಸುತ್ತುತೀನಿ."

ಅವಳು ಬಿಚ್ಚಿ ಕೊಟ್ಟಳು. ಅವನು ಒಂದೊಂದು ಕಂಬಿಯನ್ನೂ ಒರೆಸಿ ಮಡಚಿದ. ಬಟ್ಟೆಯ ಧೂಳನ್ನು ಅಂಗೈಯಿಂದ ಸವರಿ, ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಸುತ್ತಿದ. ಮೂಲೆ ಸರಿ ಕೂರದಿದ್ದಾಗ ಬಿಚ್ಚಿ ಮತ್ತೆ ಸುತ್ತಿದ. ಚೀಲದ ಬಾಯಿ ಬಿಗಿದು, "ತಗೋ, ಹೊಸದು ಹೊಸದಾಗೇ ಇದೆ," ಎಂದು ಅವಳ ಕೈಗೆ ಕೊಟ್ಟ. ಆಮೇಲೆ ಚಿಕ್ಕ ಟೆಂಟಿನ ಜೊತೆ ಬಂದಿದ್ದ ತೇಪೆಯ ಬಟ್ಟೆಯನ್ನು ದುಂಡಗೆ ಕತ್ತರಿಸಿ ತೂತಿಗೆ ಅಂಟಿಸಿ, ಹೆಬ್ಬೆರಳಿನಿಂದ ಬಹಳ ಹೊತ್ತು ಒತ್ತಿ ಹಿಡಿದುಕೊಂಡ.

ಹನುಮಕ್ಕ ಇನ್ನೂ ಮೂಲೆಯಲ್ಲಿ ನಿಂತೇ ಇದ್ದರು. "ಒಸ ಸಾಮಾನು ಸುಟ್ಟಾಕ್ಬುಟ್ಟೆ."

"ಸುಟ್ಟಿದ್ದಲ್ಲ ಅತ್ತೆ," ಎಂದು ಕುಸುಮಾ ಅವರ ಕೈಯಿಂದ ತಟ್ಟೆ ತೆಗೆದುಕೊಂಡಳು. "ದೃಷ್ಟಿಬೊಟ್ಟು ಇಟ್ರಿ ಅಂದ್ಕೊಳ್ಳಿ."

"ನೀನೊಬ್ಳು," ಎಂದು ಹನುಮಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡರು. "ಅಲ್ಲಿ ಕಾಡ್ನಾಗೆ ಒಟ್ಟೆ ತುಂಬ ಉಣ್ಣು, ಬರೀ ಬಿಸ್ಕತ್ ತಿನ್ಕಂಡ್ ಬರ್ಬೇಡ."

ಸಂಜೆ ಮಳೆ ಹಿಡಿಯಿತು. ತೇಪೆ ಸೋರುತ್ತದೆಯೋ ಎಂದು ನೋಡಲು ಇದೇ ಸಮಯ ಎಂದು ಶಶಿಕುಮಾರ ಅವಳನ್ನು ಮೇಲಕ್ಕೆ ಅಟ್ಟಿದ. ಕುಸುಮಾ ಒಳಗೆ ಹೋಗಿ ಜಿಪ್ ಎಳೆದುಕೊಂಡು ಮಲಗಿದಳು. ಮೊಣಕೈ ಚಾಚಿದರೆ ಎರಡೂ ಬದಿಯ ಬಟ್ಟೆ ತಾಗುತ್ತಿತ್ತು. ಪಕ್ಕಕ್ಕೆ ಸರಿದು ಜಾಗ ಬಿಡುವ ಅಭ್ಯಾಸದಿಂದ ಒಮ್ಮೆ ಸರಿಯಲು ಹೋದಳು, ಸರಿಯಲು ಎಡೆಯಿರಲಿಲ್ಲ. ನಡುವಿಗೆ ಬಂದು ಮಲಗಿದಳು. ತಲೆಯ ಮೇಲೆ ಹನಿಗಳು ಹಗುರವಾಗಿ ಬೀಳುತ್ತಿದ್ದವು. ಕೆಳಗೆ ರಸ್ತೆಯಲ್ಲಿ ಯಾರದೋ ಸ್ಕೂಟರು ನೀರು ಸೀಳಿಕೊಂಡು ಹೋಯಿತು. ಒಳಗೆ ಒಂದು ಹನಿಯೂ ಇರಲಿಲ್ಲ. ಶನಿವಾರದ ದಾರಿ ಹೇಗಿರಬಹುದು ಎಂದು ಅವಳು ಮೊದಲ ಬಾರಿಗೆ ಯೋಚಿಸಿದಳು.

ಮೆಟ್ಟಿಲ ಮೇಲೆ ಸದ್ದಾಯಿತು. ಕೋಲು, ಒಂದು ಕಾಲು, ಇನ್ನೊಂದು ಕಾಲು. ಮತ್ತೆ ಕೋಲು. ಮಳೆಯಲ್ಲಿ ಯಾಕೆ ಬಂದಿರಿ, ನಾನೇ ಇಳಿದು ಬರುತ್ತಿದ್ದೆ ಎನ್ನಲು ಬಾಯಿ ತೆರೆದವಳು, ಅನ್ನದೆ ಸುಮ್ಮನಾದಳು. ಸದ್ದು ಹತ್ತಿರ ಬಂದು ನಿಂತಿತು. ಜಿಪ್ಪು ಒಂದು ಮೊಳದಷ್ಟು ಮೇಲೆ ಸರಿಯಿತು. ಒದ್ದೆಯಾದ ಕೈಯೊಂದು, ಮೇಲೆ ತಟ್ಟೆ ಬೋರಲು ಮುಚ್ಚಿದ ಊಟದ ತಟ್ಟೆಯನ್ನು ಒಳಗೆ ಸರಿಸಿತು. ಬಿಸಿ ಮುದ್ದೆ, ಸೊಪ್ಪಿನ ಸಾರು. ಅವಳು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ಆ ಕೈ ಹಿಂದೆ ಸರಿದು, ಬಟ್ಟೆ ಹಲ್ಲಿಗೆ ಸಿಕ್ಕದಂತೆ ಬೆರಳು ಅಡ್ಡವಿಟ್ಟು, ಜಿಪ್ಪನ್ನು ನೆಲದವರೆಗೂ ಮೆಲ್ಲಗೆ ಎಳೆದು ಮುಚ್ಚಿತು.